ನಾಲ್ಕು ದೀಪ, ಹನ್ನೊಂದು ಕೋಡ್: ಇಸಿಎಂ ಬದಲಿಸುವ ಮುನ್ನ

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕ. ನನ್ನದು 2016ರ ಡೀಸೆಲ್ ಹ್ಯಾಚ್‌ಬ್ಯಾಕ್ ಕಾರು, 94 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಎಂಜಿನ್, ಎಬಿಎಸ್ (ಬ್ರೇಕ್ ತುಳಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ), ಸ್ಟೀರಿಂಗ್, ಏರ್‌ಬ್ಯಾಗ್ ನಾಲ್ಕೂ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತಿವೆ. ಸ್ಪೀಡೋಮೀಟರ್ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ. ಕಾರು ಮಾತ್ರ ಓಡುತ್ತಲೇ ಇರುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ, ಇಲ್ಲವೇ ರಸ್ತೆ ಉಬ್ಬು ಹತ್ತಿಳಿಯುವಾಗ ಹೀಗಾಗುವುದು ಹೆಚ್ಚು. ಕಲಬುರಗಿಯ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಾಕಿದಾಗ ಹನ್ನೊಂದು ದೋಷದ ಕೋಡ್ ಬಂದವು. ನಾನು ಬರೆದುಕೊಂಡದ್ದು ಐದು: ಯು0100, ಯು0121, ಯು0131, ಪಿ0562, ಸಿ0035. ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಹೋಗಿದೆ, ಹೊಸದಕ್ಕೆ 48 ಸಾವಿರ, ಹೈದರಾಬಾದಿನಿಂದ ಹಳೆಯದು ತರಿಸಿದರೆ 14 ಸಾವಿರ ಎಂದರು. ಇನ್ನೊಬ್ಬರು ಎಬಿಎಸ್ ಮಾಡ್ಯೂಲ್ (ಅದರ ಕಂಪ್ಯೂಟರ್ ಪೆಟ್ಟಿಗೆ) ಕೆಟ್ಟಿದೆ ಎಂದರು. ಮೂರನೆಯವರು 500 ರೂಪಾಯಿ ತೆಗೆದುಕೊಂಡು ಕೋಡ್ ಅಳಿಸಿದರು. ನಾಲ್ಕನೆಯ ದಿನ ದೀಪಗಳು ಮರಳಿ ಬಂದವು. ಬ್ಯಾಟರಿ ಮೂರೂವರೆ ವರ್ಷದ್ದು. ಮಾರ್ಚ್‌ನಲ್ಲಿ ಎಡ ಮುಂಭಾಗ ತಾಗಿ ಡೆಂಟಿಂಗ್, ಪೇಂಟಿಂಗ್ ಮಾಡಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. ಯಾರನ್ನು ನಂಬಲಿ? ದಸರಾ ರಜೆಯಲ್ಲಿ ಮನೆಯವರೊಂದಿಗೆ ಶ್ರೀಶೈಲಕ್ಕೆ ಹೊರಡುವವರಿದ್ದೇವೆ, ಹೋಗಬಹುದೇ?

ಉತ್ತರ: ಮಾಸ್ತರರೇ, ನೀವು ತೇಲಿಸಿ ಬರೆದ ಸಾಲೇ ನನ್ನ ಕಣ್ಣಿಗೆ ಮೊದಲು ಬಿದ್ದಿತು: ಮಾರ್ಚ್‌ನ ಡೆಂಟಿಂಗ್ ಕೆಲಸ. ಅದಕ್ಕೆ ಆಮೇಲೆ ಬರುತ್ತೇನೆ. ಮೂವರು ಮೂರು ಮಾತು ಹೇಳಿದ್ದಾರೆ, ಯಾರ ಮಾತು ಕೇಳಿ ಕಿಸೆಗೆ ಕೈ ಹಾಕುವುದು ಎಂಬುದು ನಿಮ್ಮ ಚಿಂತೆ. ಸದ್ಯಕ್ಕೆ ಮೂವರದೂ ಬೇಡ. ಅವರು ಮೋಸ ಮಾಡಲು ಹೊರಟಿದ್ದಾರೆ ಎಂದು ನಾನು ಹೇಳುವುದಿಲ್ಲ. ಸ್ಕ್ಯಾನರ್ ಪರದೆಯ ಮೊದಲ ಸಾಲು ಓದಿ ಬೆಲೆ ಹೇಳಿದ್ದಾರೆ, ಅಷ್ಟೆ. ಗಿರಾಕಿಗಳು ಸಾಲುಗಟ್ಟಿ ನಿಂತಾಗ ಎಲ್ಲರೂ ಮಾಡುವ ತಪ್ಪು ಅದು. ನಾನೂ ಮಾಡಿದ್ದೇನೆ.

ದೀಪಗಳೆಲ್ಲ ಹೊತ್ತಿದಾಗಲೂ ಕಾರು ಓಡುತ್ತಲೇ ಇತ್ತು ಎಂದು ಬರೆದಿದ್ದೀರಿ. ಈ ಕಾಲದ ಡೀಸೆಲ್ ಕಾರಿನಲ್ಲಿ ಯಾವ ಇಂಜೆಕ್ಟರ್ ಯಾವ ಕ್ಷಣಕ್ಕೆ ಎಷ್ಟು ಡೀಸೆಲ್ ಬಿಡಬೇಕು ಎಂದು ಅಪ್ಪಣೆ ಕೊಡುವುದೇ ಇಸಿಎಂ. ಅದು ಸತ್ತಿದ್ದರೆ ಕಾರು ನಿಂತಲ್ಲಿಂದ ಅಲುಗುತ್ತಿರಲಿಲ್ಲ. ಎಂಜಿನ್ ಒಂದು ಸಲವೂ ಬಂದ್ ಬೀಳದೆ ನಿಮ್ಮನ್ನು ಶಾಲೆಗೂ ಮನೆಗೂ ಮುಟ್ಟಿಸಿದೆ ಎಂದರೆ ಇಸಿಎಂ ತನ್ನ ಮುಖ್ಯ ಕೆಲಸ ಮಾಡಿಕೊಂಡು ಕುಳಿತಿದೆ. ಒಳಗಿನ ಮಾತುಕತೆಯ ಭಾಗ ಮಾತ್ರ ಕೆಟ್ಟಿರುವ ಸಾಧ್ಯತೆ ಇಲ್ಲವೆಂದಲ್ಲ. ನೋಡಿದ್ದೇನೆ, ಆದರೆ ಬಲು ಅಪರೂಪ. 48 ಸಾವಿರ ಸುರಿಯುವ ಮುನ್ನ ಕೊನೆಗೆ ಅನುಮಾನಿಸಬೇಕಾದದ್ದು ಅದು.

ಹಾಗಾದರೆ ಯು0100 ಎಂದು ಬಂದದ್ದು ಏಕೆ? ಇದು ನಿಮಗೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ, ಏಕೆಂದರೆ ಇದು ಹಾಜರಿ ಪುಸ್ತಕದ ಲೆಕ್ಕ. ನಿಮ್ಮ ಕಾರಿನಲ್ಲಿ ಎಂಜಿನ್, ಎಬಿಎಸ್, ಸ್ಟೀರಿಂಗ್, ಏರ್‌ಬ್ಯಾಗ್, ಡ್ಯಾಶ್‌ಬೋರ್ಡಿನ ಮೀಟರ್ ಇವಕ್ಕೆಲ್ಲ ಒಂದೊಂದು ಮಾಡ್ಯೂಲ್ ಇದೆ. ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ಇವು ತಮ್ಮತಮ್ಮಲ್ಲಿ ಮಾತನಾಡುತ್ತವೆ. ಕ್ಯಾನ್ ಎನ್ನುವ ಈ ಏರ್ಪಾಡನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದಿತು. ಪ್ರತಿ ಮಾಡ್ಯೂಲ್ ಸೆಕೆಂಡಿಗೆ ಹತ್ತಾರು ಸಲ ತನ್ನ ಸುದ್ದಿಯನ್ನು ಆ ತಂತಿಗೆ ಬಿಡುತ್ತಿರುತ್ತದೆ. ನಿಗದಿತ ಹೊತ್ತಿನೊಳಗೆ ಒಂದರ ದನಿ ಕೇಳಿಸದಿದ್ದರೆ ಉಳಿದವು ತಮ್ಮ ಪುಸ್ತಕದಲ್ಲಿ ‘ಗೈರು’ ಎಂದು ಬರೆದುಕೊಳ್ಳುತ್ತವೆ. ಎಂಜಿನ್ ಮಾಡ್ಯೂಲ್ ಗೈರು ಎಂದರೆ ಯು0100. ಎಬಿಎಸ್ ಗೈರು ಎಂದರೆ ಯು0121. ಪವರ್ ಸ್ಟೀರಿಂಗ್ ಗೈರು ಎಂದರೆ ಯು0131.

ಹುಡುಗ ಗೈರು ಎಂದು ಬರೆದ ಮಾತ್ರಕ್ಕೆ ಅವನಿಗೆ ಜ್ವರ ಬಂದಿದೆ ಎಂದು ನೀವು ತೀರ್ಮಾನಿಸುವುದಿಲ್ಲವಲ್ಲ. ಬಸ್ ತಪ್ಪಿರಬಹುದು, ತೊಗರಿ ರಾಶಿಗೆ ಹೋಗಿರಬಹುದು. ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿದ ದಿನ ಹೊಳೆಯಾಚೆಯ ಮಕ್ಕಳೆಲ್ಲ ಗೈರಾಗುತ್ತಾರೆ. ಅಷ್ಟೂ ಮಕ್ಕಳಿಗೆ ಒಂದೇ ದಿನ ಜ್ವರ ಬಂತೆಂದು ಯಾವ ಮಾಸ್ತರರೂ ಬರೆಯುವುದಿಲ್ಲ. ನಿಮ್ಮ ಕಾರಿನಲ್ಲಿ ಎಂಜಿನ್, ಎಬಿಎಸ್, ಸ್ಟೀರಿಂಗ್ ಮೂರೂ ಗೈರು. ಮೂರು ಪೆಟ್ಟಿಗೆಗಳು ಒಂದೇ ವಾರ ಕೆಟ್ಟವು ಎನ್ನುವುದಕ್ಕಿಂತ ಅವು ಹಾದುಬರುವ ಸೇತುವೆ ಯಾವುದು ಎಂದು ಕೇಳುವುದು ಸರಿ. ಕಾರಿನಲ್ಲಿ ಅಂಥ ಸೇತುವೆಗಳು ಕೆಲವೇ ಇವೆ: ಬ್ಯಾಟರಿ, ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ಬಿಗಿದ ಜಾಗ, ಹಂಚಿಕೊಂಡ ಫ್ಯೂಸ್, ಆ ಎರಡು ತಂತಿ, ಅವುಗಳನ್ನು ಜೋಡಿಸುವ ಕಪ್ಲರ್‌ಗಳು.

ಸ್ಪೀಡೋಮೀಟರ್ ಮುಳ್ಳು ಬೀಳುವುದೂ ಇದೇ ಕಥೆಯ ಭಾಗ. ಹಳೆಯ ಜೀಪುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರ್‌ವರೆಗೆ ತಿರುಗುವ ಕೇಬಲ್ ಇರುತ್ತಿತ್ತು. ಈಗಿನ ಬಹುಪಾಲು ಕಾರುಗಳಲ್ಲಿ ಚಕ್ರದ ವೇಗವನ್ನು ಎಬಿಎಸ್ ಮಾಡ್ಯೂಲ್ ಅಳೆದು ತಂತಿಗೆ ಬಿಡುತ್ತದೆ, ಮೀಟರ್ ಅದನ್ನು ಕೇಳಿ ಮುಳ್ಳು ಎತ್ತುತ್ತದೆ. ಸ್ಟೀರಿಂಗ್ ಮಾಡ್ಯೂಲ್‌ಗೂ ಅದೇ ವೇಗದ ಸುದ್ದಿ ಬೇಕು. ದೀಪ ಹೊತ್ತಿಸುವುದು ಮೀಟರ್. ಏರ್‌ಬ್ಯಾಗಿನ ಸುದ್ದಿ ಕೇಳದಿದ್ದರೆ ಆ ದೀಪವನ್ನೂ ಅದೇ ಹೊತ್ತಿಸುತ್ತದೆ. ನಾಲ್ಕು ದೀಪ ಒಟ್ಟಿಗೆ ಬಂದು ಒಟ್ಟಿಗೆ ಹೋಗುವುದು ನಿಮಗೆ ಭಯ ಹುಟ್ಟಿಸಿದೆ, ನನಗೆ ಸಮಾಧಾನ ತಂದಿದೆ. ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ದೀಪ ಬಂದಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ.

ಈಗ ನಿಮ್ಮ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ನೋಡೋಣ. ಯು0100 ಎಂದು ಬರೆದುಕೊಂಡಿರಿ. ಯಾವ ಮಾಡ್ಯೂಲಿನ ಪುಸ್ತಕದಲ್ಲಿ ಅದಿತ್ತು? ಸ್ಕ್ಯಾನರ್ ಒಂದೊಂದು ಮಾಡ್ಯೂಲನ್ನೂ ಬೇರೆಬೇರೆಯಾಗಿ ತೆರೆದು ಓದುತ್ತದೆ. ಮೀಟರ್ ಒಂದೇ ಎಲ್ಲರನ್ನೂ ಗೈರು ಎಂದು ಬರೆದಿದ್ದು, ಎಬಿಎಸ್ ಮತ್ತು ಇಸಿಎಂ ಒಂದನ್ನೊಂದು ದೂರದೆ ಇದ್ದರೆ, ಕಿವಿ ಕೆಟ್ಟಿರುವುದು ಮೀಟರಿನದು. ಅದರ ಹಿಂದಿನ ಕಪ್ಲರ್, ಅದರ ಅರ್ಥ್ ನೋಡಬೇಕು. ಎಬಿಎಸ್ ಇಸಿಎಂ ಮೇಲೆ, ಇಸಿಎಂ ಎಬಿಎಸ್ ಮೇಲೆ ದೂರು ಬರೆದಿದ್ದರೆ ಎರಡೂ ಜೀವಂತವಾಗಿವೆ, ನಡುವಿನ ದಾರಿ ಹದಗೆಟ್ಟಿದೆ. ದೂರು ಕೊಟ್ಟವರ ಹೆಸರಿಲ್ಲದ ಕೋಡ್ ಅರ್ಧ ಮಾಹಿತಿ. ಮುಂದಿನ ಸಲ ಸ್ಕ್ಯಾನರ್ ಹಾಕಿಸಿದಾಗ ಹನ್ನೊಂದನ್ನೂ ಮಾಡ್ಯೂಲಿನ ಹೆಸರಿನ ಸಮೇತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಬೇಡ ಎನ್ನುವ ಗ್ಯಾರೇಜು ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಕೋಡಿನ ಮೊದಲ ಅಕ್ಷರದ ಬಗ್ಗೆ ಒಂದು ಮಾತು. ಪಿ ಎಂದರೆ ಎಂಜಿನ್ ಮತ್ತು ಗೇರ್ ಕಡೆಯದು, ಸಿ ಎಂದರೆ ಬ್ರೇಕ್, ಸ್ಟೀರಿಂಗ್‌ನಂಥ ಚಾಸಿ ಕಡೆಯದು, ಬಿ ಎಂದರೆ ಬಾಡಿಯದು, ಯು ಎಂದರೆ ಮಾತುಕತೆಯದು. ಅದರ ಮುಂದಿನ ಅಂಕಿ ಸೊನ್ನೆಯಾದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, ಒಂದಾದರೆ ಆಯಾ ಕಂಪನಿಯ ಸ್ವಂತದ್ದು. ನಿಮ್ಮ ಐದೂ ಸೊನ್ನೆಯವು, ಹಾಗಾಗಿ ಕಾರು ಯಾವ ಕಂಪನಿಯದೆಂದು ನೀವು ಬರೆಯದಿದ್ದರೂ ನಾನು ಉತ್ತರಿಸುತ್ತಿದ್ದೇನೆ.

ಆ ಐದರಲ್ಲಿ ನನ್ನ ಮಟ್ಟಿಗೆ ಅತಿ ಬೆಲೆಯುಳ್ಳದ್ದು ಯಾರೂ ಮೂಸಿ ನೋಡದ ಪಿ0562. ವ್ಯವಸ್ಥೆಗೆ ಸಿಗುವ ವೋಲ್ಟೇಜ್ ಕಡಿಮೆ ಎಂದು ಅದರ ಅರ್ಥ. ಯು ಕೋಡ್‌ಗಳು ‘ಅವನು ಬರಲಿಲ್ಲ’ ಎನ್ನುತ್ತಿವೆ. ಪಿ0562 ‘ನನಗೇ ಅನ್ನ ಸಾಲುತ್ತಿಲ್ಲ’ ಎನ್ನುತ್ತಿದೆ. ಸ್ಟಾರ್ಟರ್ ಮೋಟರ್ ತಿರುಗುವ ಕ್ಷಣದಲ್ಲಿ ಬ್ಯಾಟರಿಯ ಮೇಲೆ ದೊಡ್ಡ ಹೊರೆ ಬೀಳುತ್ತದೆ. ವೋಲ್ಟೇಜ್ ಕುಸಿದರೆ ಮಾಡ್ಯೂಲ್‌ಗಳು ಒಂದು ಕ್ಷಣ ಕಣ್ಣು ಮುಚ್ಚಿ ಮತ್ತೆ ತೆರೆಯುತ್ತವೆ. ಎಲ್ಲವೂ ಒಂದೇ ಹೊತ್ತಿಗೆ ಏಳುವುದಿಲ್ಲ. ಮೊದಲು ಎದ್ದದ್ದು ಇನ್ನೂ ಏಳದ್ದನ್ನು ಗೈರು ಎಂದು ಬರೆದುಬಿಡುತ್ತದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ದೀಪ ಬರುವುದಕ್ಕೆ ಇದು ಹೊಂದುತ್ತದೆ. ಈ ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ತಿರುಗುತ್ತಿತ್ತು, ಕಾರಿನ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬುದನ್ನು ಇಸಿಎಂ ಬರೆದಿಟ್ಟುಕೊಂಡಿರುತ್ತದೆ. ಹಲವು ಕಾರುಗಳಲ್ಲಿ ಆಗಿನ ವೋಲ್ಟೇಜ್ ಕೂಡ ಸಿಗುತ್ತದೆ. ಸ್ಕ್ಯಾನರಿನಲ್ಲಿ ಅದರ ಹೆಸರು ಫ್ರೀಜ್ ಫ್ರೇಮ್. ನಿಮ್ಮ ಮೂರನೆಯ ಮೆಕ್ಯಾನಿಕ್ 500 ರೂಪಾಯಿ ತೆಗೆದುಕೊಂಡು ಅಳಿಸಿದ್ದು ಈ ಸಾಕ್ಷಿಯನ್ನೇ. ಕೋಡ್ ಅಳಿಸುವುದು ರಿಪೇರಿಯಲ್ಲ, ಹಾಜರಿ ಪುಸ್ತಕದ ಹಾಳೆ ಹರಿದಂತೆ. ‘ಬ್ಯಾಟರಿ ಟರ್ಮಿನಲ್ ಬಿಚ್ಚಿ ಹತ್ತು ನಿಮಿಷ ಬಿಡಿ, ಸರಿಹೋಗುತ್ತದೆ’ ಎನ್ನುವ ಸಲಹೆಯೂ ಅಷ್ಟೇ. ಅದೃಷ್ಟಕ್ಕೆ ದೀಪಗಳು ಮತ್ತೆ ಬಂದಿವೆ, ಹೊಸ ಸಾಕ್ಷಿ ಸಿಕ್ಕಿರುತ್ತದೆ.

ಮೂರೂವರೆ ವರ್ಷದ ಬ್ಯಾಟರಿ ತಂಪು ಊರಿನಲ್ಲಿ ನಡುವಯಸ್ಸಿನದು, ನಮ್ಮಲ್ಲಿ ಮುಪ್ಪಿನದು. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು ಕಾಣುವ ಊರು ನಮ್ಮದು. ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಬಿಸಿಲು ಬ್ಯಾಟರಿಯ ಫಲಕಗಳನ್ನು ತಿನ್ನುತ್ತದೆ, ಆದರೆ ಅದು ಕೈಕೊಡುವುದು ಬೇಸಿಗೆಯಲ್ಲಲ್ಲ, ಮಳೆ ಬಿದ್ದು ತಂಪಾದ ಮೇಲೆ. ‘ಬೇಸಿಗೆ ಪೂರ್ತಿ ಚೆನ್ನಾಗಿತ್ತು’ ಎಂದು ಗಿರಾಕಿಗಳು ಆಶ್ಚರ್ಯಪಡುವುದು ಇದಕ್ಕೇ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2 ಎಂದರೆ ಅರ್ಧ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5ರ ನಡುವೆ ಇರಬೇಕು. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಮೊದಲ ಎರಡನ್ನು ನಾಳೆ ಬೆಳಿಗ್ಗೆ ಮನೆಯಲ್ಲೇ ನೋಡಬಹುದು: ಒಬ್ಬರು ಕೀಲಿ ತಿರುಗಿಸಲಿ, ನೀವು ಮಲ್ಟಿಮೀಟರಿನ ಮೇಲೆ ಕಣ್ಣಿಡಿ.

ಇನ್ನು ಡೆಂಟಿಂಗ್‌ಗೆ ಬರೋಣ. ಕಾರಿನಲ್ಲಿ ಕರೆಂಟ್ ಹೋಗುವುದಕ್ಕೆ ತಂತಿ ಇದೆ, ಮರಳುವುದಕ್ಕೆ ಬಹುಪಾಲು ಬಾಡಿಯ ತಗಡೇ ದಾರಿ. ಅದಕ್ಕಾಗಿ ಅಲ್ಲಲ್ಲಿ ತಂತಿಯ ತುದಿಗೆ ಲಗ್ (ಲೋಹದ ಬಳೆ) ಹಾಕಿ ತಗಡಿಗೆ ಬೋಲ್ಟ್ ಬಿಗಿದಿರುತ್ತಾರೆ. ಎಷ್ಟೋ ಕಾರುಗಳಲ್ಲಿ ಅಂಥ ಒಂದೆರಡು ಬೋಲ್ಟ್‌ಗಳು ಹೆಡ್‌ಲೈಟಿನ ಹಿಂದೆ, ಮುಂದಿನ ಮಡ್‌ಗಾರ್ಡಿನ ಒಳಮೈಯಲ್ಲಿ, ಎಂದರೆ ನಿಮ್ಮ ಕಾರು ತಾಗಿದ ಜಾಗದ ಆಸುಪಾಸಿನಲ್ಲೇ ಇರುತ್ತವೆ.

ಹಿಂದೊಮ್ಮೆ ಆಳಂದ ಕಡೆಯ ಕಾರೊಂದು ನನ್ನ ಹತ್ತಿರ ಬಂದಿತ್ತು. ನಿಮ್ಮದೇ ಲಕ್ಷಣ. ಬ್ಯಾಟರಿ ಹೊಸದು, ಅಳತೆ ಎಲ್ಲ ಸರಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಬಾಡಿಯ ಬರಿ ತಗಡಿಗೆ ಹಿಡಿದು ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿಸಿದೆ. ಅರ್ಥ್ ಗಟ್ಟಿಯಾಗಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು, 0.2 ವೋಲ್ಟ್ ದಾಟಬಾರದು. ತೋರಿಸಿದ್ದು 1.4. ಹೆಡ್‌ಲೈಟ್ ಬಿಚ್ಚಿ ಕೈಹಾಕಿದರೆ ಅರ್ಥ್ ಬೋಲ್ಟ್ ಸಿಕ್ಕಿತು, ಮೇಲ್ನೋಟಕ್ಕೆ ಬಿಗಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ಲಗ್ಗಿನ ಅಡಿ ಬೆಳ್ಳಿ ಬಣ್ಣದ ಪೇಂಟು ನುಣ್ಣಗೆ ಬಳಿದಿತ್ತು, ಪೇಂಟಿನ ಅಂಚಿನಲ್ಲಿ ತುಕ್ಕು ಕಂದು ಉಂಗುರ ಕಟ್ಟಿತ್ತು. ಡೆಂಟಿಂಗ್ ಆದಮೇಲೆ ಪೇಂಟ್ ಹೊಡೆದು ಅದರ ಮೇಲೇ ಲಗ್ ಕೂರಿಸಿ ಬೋಲ್ಟ್ ಬಿಗಿದಿದ್ದರು. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಕರೆಂಟ್ ಹರಿದು ಬೇಸಿಗೆ ದಾಟಿತು. ಮಳೆಗಾಲದಲ್ಲಿ ತುಕ್ಕು ಹಿಡಿದಾಗ ಅದೂ ಕೈಬಿಟ್ಟಿತು. ಮರಳು ಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿ, ಲಗ್ ಬದಲಿಸಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಮೀಟರ್ 0.04ಕ್ಕೆ ಇಳಿಯಿತು. ಸಾಮಾನಿನ ಖರ್ಚು ಇಬ್ಬರ ಖಾನಾವಳಿ ಊಟದಷ್ಟೂ ಆಗಲಿಲ್ಲ. ಆ ಮನುಷ್ಯ ಅದಕ್ಕೆ ಮೊದಲು ಬೇರೆ ಕಡೆ ಎಬಿಎಸ್ ಮಾಡ್ಯೂಲ್ ಬದಲಿಸಿ ಬಂದಿದ್ದರು ಎಂಬುದನ್ನು ಬರೆಯಲು ಈಗಲೂ ಸಂಕಟವಾಗುತ್ತದೆ.

ನಿಮ್ಮದೂ ಹೀಗೇ ಎಂದು ಇಲ್ಲಿ ಕುಳಿತು ಆಣೆ ಮಾಡಲಾರೆ. ಆದರೆ ಮಾರ್ಚ್‌ನಲ್ಲಿ ಪೇಂಟಿಂಗ್, ಮಳೆ ಹಿಡಿದ ಮೇಲೆ ತೊಂದರೆ, ಉಬ್ಬಿನ ಮೇಲೆ ಕುಲುಕಿದಾಗ ದೀಪ, ವೋಲ್ಟೇಜ್ ಕಡಿಮೆ ಎನ್ನುವ ಕೋಡ್: ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಜೊತೆಗೆ ಸಿ0035 ಇದೆ. ಅದು ಎಡ ಮುಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಸರ್ಕ್ಯೂಟಿನ ಕೋಡ್. ಯು ಕೋಡ್‌ಗಳು ಇನ್ನೊಬ್ಬರ ಮೇಲಿನ ದೂರು. ಇದು ಎಬಿಎಸ್ ತಾನೇ ಕಂಡದ್ದು. ಎಡ ಮುಂಭಾಗ ತಾಗಿದ್ದು ಎಂದು ನೀವೇ ಬರೆದಿದ್ದೀರಿ. ಆ ಸೆನ್ಸರಿನ ಕೇಬಲ್ ಮಡ್‌ಗಾರ್ಡಿನ ಒಳಗೆ ಕ್ಲಿಪ್ಪುಗಳಲ್ಲಿ ಹಾದುಹೋಗುತ್ತದೆ; ಡೆಂಟಿಂಗ್‌ನವರು ಕ್ಲಿಪ್ ಹಾಕದೆ ಬಿಟ್ಟಿದ್ದರೆ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಟೈರಿಗೆ ಉಜ್ಜುತ್ತಿರುತ್ತದೆ. ಹಾಗಾಗಿ ಕಾರಿನಲ್ಲಿ ಒಂದಲ್ಲ, ಎರಡು ತೊಂದರೆ ಇರಬಹುದು, ತಾಯಿ ಒಬ್ಬಳೇ.

ಸರ್ಕ್ಯೂಟ್ ಎಂಬ ಪದವನ್ನು ಬೇಕೆಂದೇ ಬಳಸಿದೆ. ಸೆನ್ಸರಿನ ಕೋಡ್ ಬಂದರೆ ಸೆನ್ಸರ್ ಬದಲಿಸುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಇದೇ ಬಗೆಯ ಕೋಡ್ ನೋಡಿ ನಾನೊಮ್ಮೆ ಒಬ್ಬರಿಗೆ ಹೊಸ ಸೆನ್ಸರ್ ತರಿಸಿ ಹಾಕಿದೆ, ಕೋಡ್ ಕದಲಲಿಲ್ಲ. ಎರಡು ದಿನ ಒದ್ದಾಡಿದ ಮೇಲೆ ತಿಳಿದದ್ದು: ಹಿಂದೆ ಯಾರೋ ಆ ಚಕ್ರದ ಬೇರಿಂಗ್ ಬದಲಿಸುವಾಗ ಉಲ್ಟಾ ಕೂರಿಸಿದ್ದರು. ಅಂಥ ಬೇರಿಂಗಿನ ಒಂದು ಮೈಯಲ್ಲಿ ಕಾಂತದ ಉಂಗುರ ಇರುತ್ತದೆ, ಅದು ಸೆನ್ಸರಿನ ಕಡೆಗೇ ಮುಖ ಮಾಡಿರಬೇಕು. ಸೆನ್ಸರಿನ ಹಣ ನಾನೇ ಭರಿಸಿದೆ.

ಬ್ಯಾಟರಿ, ಅರ್ಥ್ ಎರಡೂ ಸರಿಯಿದ್ದರೆ ನೀರು ಮತ್ತು ಇಲಿ. ಬೇಸಿಗೆಯಲ್ಲಿ ಎಲ್ಲರಂತೆ ನೀವೂ ಕಾರನ್ನು ಬೇವಿನ ಮರದಡಿ ನಿಲ್ಲಿಸುತ್ತಿರಬೇಕು. ಬೇವಿನ ಸಣ್ಣ ಎಲೆ, ಹೂವು ಮುಂದಿನ ಗಾಜಿನ ಬುಡದ ಜಾಲರಿಯೊಳಗೆ ಇಳಿದು ನೀರು ಹೋಗುವ ತೂತನ್ನು ಮುಚ್ಚುತ್ತವೆ. ಅಲ್ಲಿ ನಿಂತ ಮಳೆನೀರು ಬ್ಲೋವರಿನ ದಾರಿ ಹಿಡಿದು ಕಾರಿನೊಳಗೆ ಬಂದು ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆ, ಕಪ್ಲರ್‌ಗಳ ಮೇಲೆ ಹನಿಯುತ್ತದೆ. ಮುಂದಿನ ಎರಡೂ ಸೀಟುಗಳ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ತಿಳಿಸಿ. ಎಂಜಿನ್ ಹೊಳೆಯಲಿ ಎಂದು ಪ್ರೆಶರ್ ಪಂಪಿನಿಂದ ತೊಳೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಇಲಿಗೆ ತಂತಿ ಆಹಾರವಲ್ಲ. ಅದರ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಸವೆಸಲು ಏನಾದರೂ ಕಡಿಯಬೇಕು. ತೊಗರಿ ಚೀಲ ಪೇರಿಸಿದ ಮನೆಯ ಪಕ್ಕದಲ್ಲಿ, ಬೆಚ್ಚಗಿನ ಬಾನೆಟ್ ಅದಕ್ಕೆ ಒಳ್ಳೆಯ ಬಿಡಾರ. ಬ್ಯಾಟರಿಯ ಕೆಳಗೆ, ಎಂಜಿನ್ ಮೇಲಿನ ಮುಚ್ಚಳದಡಿ ಹಿಕ್ಕೆ, ಹೊಟ್ಟು, ಬಟ್ಟೆ ಚೂರು ಕಂಡರೆ ವೈರಿಂಗ್ ಕಟ್ಟನ್ನು ಅಲ್ಲಿಂದಲೇ ಬಿಚ್ಚುತ್ತ ಹೋಗಬೇಕು.

ಇಷ್ಟಾದರೂ ಸುಳಿವು ಸಿಗದಿದ್ದರೆ ಆ ಎರಡು ತಂತಿಗಳ ಪರೀಕ್ಷೆ. ಇದನ್ನು ನೀವು ಮಾಡಬೇಡಿ, ಬಲ್ಲ ಆಟೋ ಎಲೆಕ್ಟ್ರಿಷಿಯನ್ ಮಾಡಲಿ. ಆದರೆ ಅವರು ಏನು ಮಾಡುತ್ತಿದ್ದಾರೆಂದು ನಿಮಗೆ ಗೊತ್ತಿದ್ದರೆ ಒಳ್ಳೆಯದು. ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚುವ 16 ತೂತಿನ ಸಾಕೆಟ್ ಇದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಅದರ 6 ಮತ್ತು 14ನೇ ತೂತುಗಳ ನಡುವೆ ಓಮ್ ಅಳೆಯಬೇಕು. ತಂತಿ ಜೋಡಿಯ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ತಡೆ (ರೆಸಿಸ್ಟರ್) ಕೂರಿಸಿರುತ್ತಾರೆ. ಎರಡೂ ಸೇರಿ 60 ಓಮ್ ಕಾಣಬೇಕು. 120 ಕಂಡರೆ ದಾರಿ ಎಲ್ಲೋ ಕಡಿದಿದೆ ಅಥವಾ ಒಂದು ತುದಿ ಬಿಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಸಾಕೆಟ್ ಮತ್ತು ಒಳಗಿನ ಜಾಲದ ನಡುವೆ ಇನ್ನೊಂದು ಮಾಡ್ಯೂಲ್ ಇರುವ ಕಾರುಗಳಲ್ಲಿ ಮಾತ್ರ ಲೆಕ್ಕ ಬೇರೆ.

ನಿಮ್ಮಂಥ ಬಂದುಹೋಗುವ ತೊಂದರೆಯಲ್ಲಿ ನಿಂತ ಕಾರು 60 ತೋರಿಸಿ ಕೈತೊಳೆದುಕೊಳ್ಳುತ್ತದೆ. ಆಗ ನಾನು ಮೀಟರನ್ನು ಸೀಟಿನ ಮೇಲೆ ಇಟ್ಟು, ಕೆಲಸದ ಹುಡುಗನಿಗೆ ಬಾನೆಟ್ಟಿನಿಂದ ಡಿಕ್ಕಿಯವರೆಗೆ ವೈರಿಂಗನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸಲು ಹೇಳುತ್ತೇನೆ. 60, 60, 60 ಎಂದು ನಿಂತ ಅಂಕಿ ಒಮ್ಮೆ 120ಕ್ಕೆ ಹಾರುತ್ತದೆ. ‘ಅಲ್ಲೇ ನಿಲ್ಲು’ ಎಂದು ಕೂಗಿದರೆ ಅರ್ಧ ಕೆಲಸ ಮುಗಿಯಿತು. ಕೆಲವು ಸಲ ಇದಕ್ಕೆ ಅರ್ಧ ದಿನ ಹಿಡಿಯುತ್ತದೆ, ಆ ಅರ್ಧ ದಿನದ ಕೂಲಿ ಕೊಡಲು ಗಿರಾಕಿ ಹಿಂಜರಿಯುತ್ತಾರೆ. ಕಣ್ಣಿಗೆ ಕಾಣುವ ಪೆಟ್ಟಿಗೆಗೆ 48 ಸಾವಿರ ಕೊಡಲು ಅಷ್ಟು ಹಿಂಜರಿಯುವುದಿಲ್ಲ. ಕಡಿದ ತಂತಿಯನ್ನು ಕೂಡಿಸುವಾಗ ಬೆಸುಗೆ ಹಾಕಿಯೋ ಕ್ರಿಂಪ್ ಮಾಡಿಯೋ (ಲೋಹದ ತುಣುಕಿನಲ್ಲಿ ಒತ್ತಿ ಹಿಡಿಸಿ) ಮೇಲೆ ಸ್ಲೀವ್ (ತಂತಿ ಮುಚ್ಚುವ ಕೊಳವೆ) ಹಾಕಬೇಕು, ಜೋಡಿಯ ಹೆಣಿಗೆಯನ್ನು ಹಾಗೆಯೇ ಉಳಿಸಬೇಕು. ಬರಿ ಟೇಪ್ ಸುತ್ತಿ ಕೊಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಭೇಟಿಯಾಗಬೇಕಾಗುತ್ತದೆ.

ಇಸಿಎಂ ಕಡೆ ಬೆರಳು ತೋರಿಸುವವರಿಗೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಅದರ ಕಪ್ಲರಿನಲ್ಲಿ ಪ್ಲಸ್, ಅರ್ಥ್ ಎರಡನ್ನೂ ಹೊರೆ ಹಾಕಿ ನೋಡಿದ್ದೀರಾ?’ ಒಂದೇ ಎಳೆ ಉಳಿದ ತಂತಿಯೂ ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ. ಅದಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ತಗುಲಿಸಿದರೆ ಬಂಡವಾಳ ಬಯಲಾಗುತ್ತದೆ, ಬಲ್ಬ್ ಮಿಣುಕುತ್ತದೆ ಅಥವಾ ಹತ್ತುವುದೇ ಇಲ್ಲ. ಪ್ಲಸ್ ಮತ್ತು ಅರ್ಥ್ ತಂತಿಗಳಿಗೆ ಮಾತ್ರ ಈ ಉಪಾಯ. ಸೆನ್ಸರ್ ತಂತಿಗೋ ಆ ಹೆಣೆದ ಜೋಡಿಗೋ ಬಲ್ಬ್ ಹಿಡಿದರೆ ಚೆನ್ನಾಗಿದ್ದ ಮಾಡ್ಯೂಲೂ ಸುಡಬಹುದು.

ಇಸಿಎಂ ನಿಜವಾಗಿಯೂ ಕೆಟ್ಟದ್ದನ್ನು ನಾನು ಕಂಡಾಗಲೆಲ್ಲ ಕಾರಣ ಹೊರಗಿನದೇ ಇತ್ತು. ಒಳಗೆ ನೀರು ಹೋದದ್ದು, ಬ್ಯಾಟರಿ ಉಲ್ಟಾ ಜೋಡಿಸಿದ್ದು, ಬ್ಯಾಟರಿ ಬಿಚ್ಚದೆ ಬಾಡಿಗೆ ವೆಲ್ಡಿಂಗ್ ಹೊಡೆದದ್ದು, ದಾರಿಯಲ್ಲಿ ಕೆಟ್ಟು ನಿಂತಾಗ ಲಾರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಲು ಹೋದದ್ದು. ದೊಡ್ಡ ಲಾರಿಗಳದು 24 ವೋಲ್ಟ್, ನಿಮ್ಮದು 12.

ಅಂಥ ಕಾರಣ ಖಚಿತವಾಗಿ, ಬದಲಿಸಲೇಬೇಕಾಗಿ ಬಂದರೆ ದಾರಿ ಮೂರು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸದು ಹಾಕಿಸುವುದು ದುಬಾರಿ, ಆದರೆ ಕೀಲಿಯ ಹೊಂದಾಣಿಕೆ, ಚಾಸಿ ನಂಬರ್ ಬರೆಯುವುದು ಎಲ್ಲ ಅವರ ತಲೆನೋವು. ಹಾಕುವ ಮುನ್ನ ಹಳೆಯದು ಏಕೆ ಸುಟ್ಟಿತು ಎಂದು ಬರೆದು ಕೊಡಲು ಕೇಳಿ, ಕಾರಣ ಉಳಿದಿದ್ದರೆ ಹೊಸದೂ ಸುಡುತ್ತದೆ. ಎರಡನೆಯದು, ಇರುವ ಇಸಿಎಂ ಅನ್ನೇ ಬಿಚ್ಚಿ ರಿಪೇರಿಗೆ ಕಳಿಸುವುದು. ಕೀಲಿಯ ಗುರುತು ಅದರೊಳಗೇ ಉಳಿಯುವುದರಿಂದ ನಾನು ಇದನ್ನು ಇಷ್ಟಪಡುತ್ತೇನೆ. ಕೈಚಳಕ ಬಲ್ಲವರ ಹತ್ತಿರ ಹೋಗದಿದ್ದರೆ ಇದ್ದದ್ದೂ ಹೋಗುವ ಅಪಾಯವಿದೆ. ಮೂರನೆಯದು ಆ 14 ಸಾವಿರದ ಹಳೆಯ ಪೆಟ್ಟಿಗೆ. ತಂದು ಚುಚ್ಚಿದರೆ ಆಯಿತು ಎಂಬುದು ದೊಡ್ಡ ಭ್ರಮೆ. ಅದಕ್ಕೆ ನಿಮ್ಮ ಕೀಲಿಯ ಪರಿಚಯವಿಲ್ಲ, ಕಾರು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಹಲವು ಡೀಸೆಲ್ ಕಾರುಗಳಲ್ಲಿ ಪ್ರತಿ ಇಂಜೆಕ್ಟರಿನ ಮೈಮೇಲೆ ಒಂದು ಸಂಕೇತ ಕೊರೆದಿರುತ್ತದೆ. ಅದನ್ನೂ ಇಸಿಎಂನೊಳಗೆ ಬರೆಯಬೇಕು, ಇಲ್ಲವಾದರೆ ಎಂಜಿನ್ ಕಟಕಟ ಎನ್ನುತ್ತದೆ, ಹೊಗೆ ಉಗುಳುತ್ತದೆ. ಇಷ್ಟೆಲ್ಲ ಮಾಡಬಲ್ಲವರು ಸಿಕ್ಕು, ಕೆಲಸ ಮಾಡದಿದ್ದರೆ ಹಣ ವಾಪಸ್ ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಯೋಚಿಸಿ. ಏರ್‌ಬ್ಯಾಗ್ ಮಾಡ್ಯೂಲನ್ನಂತೂ ಗುಜರಿಯಿಂದ ತರಿಸಲೇಬೇಡಿ, ಅದು ಅಪಘಾತವಾದ ಕಾರಿನಿಂದಲೇ ಬಂದಿರಬಹುದು.

ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಕೊಳ್ಳಬಹುದೇ ಎಂದು ನೀವು ಕೇಳಿಲ್ಲ, ಇಷ್ಟು ಓದಿದ ಮೇಲೆ ಕೇಳುತ್ತೀರಿ. ಕೊಳ್ಳಿ, ತಪ್ಪಿಲ್ಲ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್ 4 (ಹೊಗೆ ಮಾಲಿನ್ಯದ ಮಾನದಂಡ) ಕಾರುಗಳಿಗೆ ಒಬಿಡಿ-2 (ದೋಷವನ್ನು ಕಾರೇ ಪತ್ತೆಹಚ್ಚಿ ಕೋಡ್ ಬರೆದಿಡುವ ಏರ್ಪಾಡು) ಕಡ್ಡಾಯವಾದದ್ದರಿಂದ ನಿಮ್ಮ ಕಾರಿಗೆ ಅದು ಹೊಂದಬೇಕು, ಎಂಜಿನ್ ಕೋಡ್ ಮತ್ತು ಓಡುವಾಗಿನ ವೋಲ್ಟೇಜ್ ತೋರಿಸುತ್ತದೆ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್‌ಗಳ ಪುಸ್ತಕವನ್ನು ಅದು ಬಹುತೇಕ ತೆರೆಯಲಾರದು. ಮೊಬೈಲಿನಲ್ಲಿ ಕೋಡ್ ಇಲ್ಲ ಎಂದರೆ ಕಾರಿನಲ್ಲಿ ದೋಷವಿಲ್ಲ ಎಂದಲ್ಲ. ಮತ್ತು ಅದರಲ್ಲಿರುವ ‘ಅಳಿಸು’ ಗುಂಡಿಯ ಹತ್ತಿರ ಬೆರಳು ಒಯ್ಯಬೇಡಿ.

ಶ್ರೀಶೈಲದ ಮಾತು. ಎಬಿಎಸ್ ದೀಪ ಹೊತ್ತಿದಾಗ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ತುಳಿದರೆ ಚಕ್ರ ಜಾಮ್ ಆಗಿ ಕಾರು ಜಾರಬಹುದು. ಏರ್‌ಬ್ಯಾಗ್ ದೀಪ ಇರುವಾಗ ಅದು ಬಿಚ್ಚಿಕೊಳ್ಳುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬಾರದು. ನನಗೆ ಹೆಚ್ಚು ಅಂಜಿಕೆ ಸ್ಟೀರಿಂಗಿನದು: ನೇರ ರಸ್ತೆಯಲ್ಲಿ ಅದು ಒಮ್ಮೆಲೇ ಬಿಗಿಯಾದರೆ ಸಂಭಾಳಿಸಬಹುದು, ನಲ್ಲಮಲ ಕಾಡಿನ ತಿರುವಿನಲ್ಲಿ ಎದುರಿಗೆ ಬಸ್ ಬರುವಾಗ ಬಿಗಿಯಾದರೆ ಕಷ್ಟ. ಈಗಿರುವ ಸ್ಥಿತಿಯಲ್ಲಿ ಹೋಗಬೇಡಿ. ಈ ವಾರವೇ ಬ್ಯಾಟರಿಗೆ ಹೊರೆ ಹಾಕಿ ಪರೀಕ್ಷೆ ಮಾಡಿಸಿ, ಎಡ ಹೆಡ್‌ಲೈಟ್ ಬಿಚ್ಚಿಸಿ ಅರ್ಥ್ ಬೋಲ್ಟಿನ ಅಡಿಯ ತಗಡನ್ನು ನಿಮ್ಮ ಕಣ್ಣಾರೆ ನೋಡಿ, ಎಡ ಚಕ್ರದ ಸೆನ್ಸರ್ ಕೇಬಲನ್ನು ಕೈಯಿಂದ ಸವರಿ ನೋಡಿ. ಕೋಡ್‌ಗಳ ಫೋಟೊ ತೆಗೆದ ಮೇಲೆಯೇ ಅಳಿಸಿ. ಹಿಂದೆ ನಾಲ್ಕನೆಯ ದಿನ ಮರಳಿದ ದೀಪ ಅದು, ಹಾಗಾಗಿ ಹತ್ತು ದಿನ ಶಾಲೆಗೆ ಅದೇ ಕಾರಿನಲ್ಲಿ, ಅದೇ ಉಬ್ಬುಗಳ ಮೇಲೆ ಓಡಾಡಿ. ಒಂದು ದೀಪವೂ ಬಾರದಿದ್ದರೆ ಹೊರಡಿ. ಬಂದರೆ ಬಸ್ಸಿನಲ್ಲಿ ಹೋಗಿಬನ್ನಿ, ಕಾರನ್ನು ಫೋಟೊಗಳ ಸಮೇತ ಇಲ್ಲಿ ಬಿಟ್ಟುಹೋಗಿ.